ಗೋಡೆ ಅಂಕಲ್

ಕಾಲೇಜಿನ ಸಾಫ್ಟ್‌ಬಾಲ್ ತಂಡದ ಹುಡುಗಿಯರಿಗೆ ಅವರು ಗೋಡೆ ಅಂಕಲ್. ನಿಜವಾದ ಹೆಸರು ಅವರಲ್ಲಿ ಯಾರಿಗಾದರೂ ಗೊತ್ತಿತ್ತೋ ಇಲ್ಲವೋ ಅನುಮಾನ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಒಳಗೆ ಇಬ್ಬರು ಗಿರಾಕಿಗಳು ಕೂತರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟಗಲ. ಮುಂದೆ ಕನ್ನಡಿ, ಹಿಂದೆ ಗಾಜು ಉಜ್ಜುವ ಚಕ್ರ, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರಿನ ಕೊಳವೆ. ಡಾಕ್ಟರು ಬರೆದ ನಂಬರಿಗೆ ಗಾಜು ಕೂರಿಸುವುದು, ಸಡಿಲವಾದ ಕಡ್ಡಿಗೆ ಸ್ಕ್ರೂ ಹಾಕುವುದು, ಮೂಗಿನ ಮೇಲೆ ಗುರುತು ಬೀಳುತ್ತದೆ ಎಂದು ದೂರುವವರ ಫ್ರೇಮನ್ನು ಬಿಸಿಮಾಡಿ ಬಗ್ಗಿಸುವುದು, ಇಷ್ಟು ಅವರ ಕೆಲಸ. ಮಾತು ಕಡಿಮೆ. ಆಡಿದರೂ ಗಿರಾಕಿಯ ಕಿವಿಯ ಹಿಂದೆ ಬೆರಳಿಟ್ಟು, "ಇಲ್ಲಿ ಒತ್ತುತ್ತಾ?" ಎನ್ನುವಷ್ಟು.

ಗೋಡೆ ಎಂಬ ಹೆಸರು ಬಂದದ್ದು ಮಗಳಿಂದ. ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ. ಹೈಸ್ಕೂಲಿನಲ್ಲಿದ್ದಾಗಲೇ ಅವಳಿಗೆ ಸಾಫ್ಟ್‌ಬಾಲಿನ ಹುಚ್ಚು ಹತ್ತಿತು. ಅದರಲ್ಲೂ ಪಿಚರ್ ಆಗಬೇಕೆಂಬ ಹಟ. ಪಿಚರ್ ಎಂದರೆ ಮೈದಾನದ ನಡುವೆ ನಿಂತು, ತೋಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡನ್ನು ಬ್ಯಾಟ್ ಹಿಡಿದವಳತ್ತ ಎಸೆಯುವವಳು. ಹಾಗೆ ಬಂದ ಚೆಂಡನ್ನು ಹಿಡಿಯಲು ಬ್ಯಾಟಿನವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತಿರುವವಳು ಕ್ಯಾಚರ್. ಮನೆಯಲ್ಲಿ ಕ್ಯಾಚರ್ ಎಲ್ಲಿಂದ ಬರಬೇಕು? ಓಣಿಯ ಕೊನೆಯ ಮನೆಯ ಕಾಂಪೌಂಡಿಗೇ ಎಸೆದೆಸೆದು ಅಭ್ಯಾಸ ನಡೆಯಿತು. ಆ ಮನೆ ಒಬ್ಬ ನಿವೃತ್ತ ಹೆಡ್‌ಮಾಸ್ಟರರದು. ಗಾರೆ ಉದುರಲು ಶುರುವಾದಾಗ ಅವರು ಅಂಗಡಿಗೇ ಬಂದರು.

"ನೋಡ್ರೀ, ನಿಮ್ಮ ಮಗಳು ನನ್ನ ಗೋಡೆಗೆ ಸಿಡುಬು ಬರ್ಸಿದಾಳೆ. ಅವಳಿಗೆ ಗೋಡೆ ಬೇಕಿದ್ರೆ ನೀವೇ ಹೋಗಿ ನಿಂತ್ಕೊಳ್ಳಿ."

ಅವರು ಹೇಳಿದ್ದು ಸಿಟ್ಟಿನಲ್ಲಿ. ಇವರು ತೆಗೆದುಕೊಂಡದ್ದು ಸಲಹೆಯಾಗಿ. ಮರುದಿನ ಸಂಜೆ ಅಂಗಡಿಯ ಬಾಗಿಲೆಳೆದು ಬಂದವರೇ ಗೋಡೆಯ ಮುಂದೆ ಗ್ಲೌಸ್ ತೊಟ್ಟು ಕೂತರು. ಸಾಫ್ಟ್‌ಬಾಲ್ ಅಂತ ಹೆಸರೇ ಹೊರತು ಆ ಚೆಂಡು ಎಲ್ಲೂ ಮೆತ್ತಗಿಲ್ಲ. ಮೊದಲ ವಾರವೇ ಬಲಗೈಯ ಉಂಗುರದ ಬೆರಳು ಮುರಿಯಿತು.

"ಆ ಕೈನ ಬೆನ್ನ ಹಿಂದೆ ಇಟ್ಕೋಬೇಕಪ್ಪಾ," ಎಂದು ಮಗಳು ಅಳುತ್ತಲೇ ಬೈದಳು. "ಯಾರಾದ್ರೂ ಬರೀ ಕೈ ಚಾಚ್ತಾರಾ?"

ಬೆರಳು ಕೂಡಿಕೊಂಡಿತು, ಆದರೆ ಸೊಟ್ಟಗೆ. ಆಮೇಲೆ ಕನ್ನಡಕದ ಸಣ್ಣ ಸ್ಕ್ರೂಗಳು ಕೈಜಾರುವುದು ಹೆಚ್ಚಾಯಿತು. "ನಿನ್ನಿಂದ ನನ್ನ ಸ್ಕ್ರೂ ಸಡಿಲ ಆಯ್ತು," ಎಂದು ಅವರು ಮಗಳಿಗೆ ಹೇಳುತ್ತಿದ್ದರು. "ಅದು ಮೊದಲಿಂದಲೂ ಹಾಗೇ," ಎಂದು ಒಳಗಿನಿಂದ ಹೆಂಡತಿ ಕೂಗುತ್ತಿದ್ದರು. ಹೆಂಡತಿ ಪೇಟೆಯ ಗ್ರಂಥಾಲಯದಲ್ಲಿ ಸಹಾಯಕಿ. ದಿನವಿಡೀ ಪಿಸುಮಾತಿನಲ್ಲೇ ಕೆಲಸ ಮಾಡಿ ಮನೆಗೆ ಬಂದಮೇಲೆ ಜೋರಾಗಿ ಮಾತಾಡುವುದು ಅವರ ಪದ್ಧತಿ.

ಹೀಗೆ ವರ್ಷಗಟ್ಟಲೆ ನಡೆಯಿತು. ಹುಡುಗಿ ಕಾಲೇಜು ಸೇರಿ ತಂಡದ ಮುಖ್ಯ ಪಿಚರ್ ಆದಳು. ಒಂದು ಸಂಜೆ ಓಣಿಯಲ್ಲಿ ಅವಳೆಸೆದ ಚೆಂಡು ಸೊಂಟದೆತ್ತರಕ್ಕೆ ನೇರವಾಗಿ ಬಂದು, ಇನ್ನೇನು ಗ್ಲೌಸಿಗೆ ಸೇರಬೇಕು ಎನ್ನುವಾಗ, ನೆಲದತ್ತ ಜಾರಿಬಿಟ್ಟಿತು. ಅಪ್ಪನ ಮೊಣಕಾಲಿಗೆ ಬಡಿಯಿತು.

"ಏನೇ ಅದು?"

"ಗೊತ್ತಿಲ್ಲಪ್ಪ! ಇನ್ನೊಂದ್ಸಲ ಮಾಡ್ತೀನಿ ಇರು."

ಅದಕ್ಕೆ ಇಬ್ಬರೂ ಸೇರಿ ಜಾರುಬಂಡೆ ಎಂದು ಹೆಸರಿಟ್ಟರು. ಅವಳು ಎಸೆಯುವುದು, ಅವರು ಕೂತಲ್ಲಿಂದಲೇ ಹೇಳುವುದು: "ಬೇಗ ಬಿತ್ತು. ಇನ್ನೊಂಚೂರು ತಡವಾಗಿ ಬೀಳ್ಲಿ." "ಈಗ ಸರಿ." "ಇದು ಬರೀ ಸೋಮಾರಿ ಚೆಂಡು, ಜಾರಲೇ ಇಲ್ಲ." ಒಂದು ಮಳೆಗಾಲ ಪೂರ್ತಿ ಆ ಒಂದೇ ಎಸೆತ. ಆಮೇಲೆ ಪಂದ್ಯಗಳಲ್ಲಿ ಅದನ್ನು ಹೊಡೆಯಲು ಹೋದವರ ಬ್ಯಾಟು ಗಾಳಿಯನ್ನಷ್ಟೇ ಬೀಸಿ ವಾಪಸ್ಸು ಬರುತ್ತಿತ್ತು. ಕ್ಯಾಚರ್ ಬೆನ್ನಿಗೆ ಕಟ್ಟಿದ ಬಲೆಯ ಹಿಂದೆ ನಿಂತ ಇವರು ಆಗ ಚಪ್ಪಾಳೆ ತಟ್ಟುತ್ತಿರಲಿಲ್ಲ. ಎದುರಾಳಿ ಹುಡುಗಿಯ ಮುಖ ನೋಡಿ, ಪಾಪ ಅನ್ನಿಸಿ, ಬೇರೆ ಕಡೆ ತಿರುಗಿ ನಗುತ್ತಿದ್ದರು.

ಕಳೆದ ವರ್ಷ ಒಂದು ಪಂದ್ಯದಲ್ಲಿ ಅವಳು ಓಡಿ ಬಂದು ನೆಲದ ಮೇಲೆ ಜಾರಿ ಬೇಸ್, ಅಂದರೆ ರನ್ನಿಗಾಗಿ ಓಡುವವಳು ಮುಟ್ಟಬೇಕಾದ ಗುರುತು, ಮುಟ್ಟಿದಳು. ಮಂಡಿ ತರಚಿತು. ಆಟದಲ್ಲಿ ಇಂಥದ್ದು ದಿನಾ ಇದ್ದದ್ದೇ. ಎರಡು ಸಂಜೆ ಬಿಟ್ಟು ಓಣಿಯಲ್ಲಿ ಎಸೆಯುವಾಗ ಅವಳು ನಿಂತು, "ಅಪ್ಪಾ, ಇದು ಯಾಕೋ ಉರೀತಿದೆ ನೋಡು," ಎಂದು ಪ್ಯಾಂಟ್ ಮಡಚಿ ತೋರಿಸಿದಳು. ಬೀದಿದೀಪದ ಬೆಳಕಿನಲ್ಲಿ ಅವರು ಬಗ್ಗಿ ನೋಡಿದರು. "ಒಣಗುವಾಗ ಉರಿಯುತ್ತಮ್ಮ. ಅದೇನು ಮಹಾ," ಅಂದರು. ವಾರದ ಕೊನೆಗೆ ಅವಳಿಗೆ ಜ್ವರ ಏರಿ ಮಾತು ತೊದಲತೊಡಗಿತು. ಗಾಯದ ನಂಜು ರಕ್ತಕ್ಕೆ ಸೇರಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಡಾಕ್ಟರುಗಳು ಮಾಡಬೇಕಾದ್ದನ್ನೆಲ್ಲ ಮಾಡಿದರು. ಹುಡುಗಿ ಉಳಿಯಲಿಲ್ಲ.

ಹೆಂಡತಿ ಅವರನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ, ನಿಮ್ಮ ಆಟ ನನ್ನ ಮಗಳನ್ನು ತಿಂದಿತು ಅಂದಿದ್ದರೆ, ಅವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಆಕೆ ಏನೂ ಅನ್ನದೆ ಊಟಕ್ಕೆ ಬಡಿಸಿ, ಪಾತ್ರೆ ತೊಳೆದು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಮನೆಯಲ್ಲೂ ಪಿಸುಮಾತು ಶುರುವಾಗಿತ್ತು. ಆ ಮೌನಕ್ಕೆ ಒಂದೇ ಅರ್ಥ ಎಂದು ಅವರು ತಿಳಿದುಕೊಂಡಿದ್ದರು.

ಈ ವರ್ಷದ ಟೂರ್ನಮೆಂಟು ಕಾಲೇಜಿನ ಮೈದಾನದಲ್ಲೇ ನಡೆಯುವುದಿತ್ತು. ಅದಕ್ಕೆ ಕೆಲವು ದಿನ ಮೊದಲು ತಂಡದ ಕೋಚ್ ಮೇಡಮ್ ಅಂಗಡಿಗೆ ಬಂದು, ಏನೂ ಆಗದ ತಮ್ಮ ಕನ್ನಡಕವನ್ನು ತೆಗೆದು ಕೊಟ್ಟು, "ಸ್ವಲ್ಪ ಸಡಿಲ ಆಗಿದೆ ಅನ್ಸುತ್ತೆ ಸರ್," ಅಂದರು. ಅವರು ಅದನ್ನು ತಿರುಗಿಸಿ ನೋಡಿ, ಗಾಜು ಒರೆಸಿ ವಾಪಸ್ಸು ಕೊಟ್ಟರು.

"ಈ ಸಲದ ಕಪ್ಪು ಅವಳ ಹೆಸರಲ್ಲಿ ಸರ್," ಎಂದು ಮೇಡಮ್ ಕೊನೆಗೂ ಹೇಳಿದರು. "ಭಾನುವಾರ ಗೆದ್ದವರಿಗೆ ನೀವೇ ಕೊಡ್ಬೇಕು. ಹುಡುಗೀರೆಲ್ಲ ಸೇರಿ ಕೇಳ್ಕೊಂಡಿದಾರೆ. ಅಮ್ಮಾವ್ರನ್ನೂ ಕರ್ಕೊಂಡು ಬನ್ನಿ."

ಅವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮನೆಯಲ್ಲಿ ಹೇಳಿದಾಗ ಹೆಂಡತಿ ಒಗೆದ ಬಟ್ಟೆ ಮಡಚುತ್ತಾ, "ನೀವು ಹೋಗಿ ಬನ್ನಿ," ಅಂದರು. ಅಷ್ಟೇ.

ಶನಿವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೈದಾನಕ್ಕೆ ಹೋದರು. ಸುಣ್ಣದ ಗೆರೆಗಳು ಇನ್ನೂ ಹಸಿಯಾಗಿದ್ದವು. ಒಂದು ಬದಿಯಲ್ಲಿ ಶಾಮಿಯಾನ, ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಹೊಸ ಕಪ್ಪು. ಅಭ್ಯಾಸಬಲದಿಂದ ಬಲೆಯ ಹಿಂದಕ್ಕೆ ಹೊರಟಿದ್ದ ಅವರನ್ನು ಯಾರೋ ಕೈ ಹಿಡಿದು ಕರೆತಂದು ಪ್ರಿನ್ಸಿಪಾಲರ ಪಕ್ಕದ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು.

ಶುರುವಿಗೆ ಒಂದು ನಿಮಿಷದ ಮೌನ. ಎಲ್ಲರೂ ಎದ್ದು ನಿಂತರು. ಮೈಕು ಮಾತ್ರ ಮೌನವಾಗಲಿಲ್ಲ, ಕುಂಯ್ ಎಂದು ಕೂಗುತ್ತಲೇ ಇತ್ತು. ಅದನ್ನು ಆರಿಸಲು ಹೋದವನು ತಂತಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದ. ಸಾಲಿನಲ್ಲಿ ತಲೆ ತಗ್ಗಿಸಿ ನಿಂತ ಹುಡುಗಿಯರಲ್ಲಿ ಒಬ್ಬಳಿಗೆ ನಗು ತಡೆಯಲಾಗಲಿಲ್ಲ. ಅವಳ ಭುಜ ಕುಲುಕುವುದು ಅವರಿಗೆ ಕಂಡಿತು, ಸ್ವಲ್ಪ ಹೊತ್ತಿಗೆ ಅವಳು ಅಳುತ್ತಿರುವುದೂ ಕಂಡಿತು. ಅವಳೇ ಈಗಿನ ಪಿಚರ್. ಉದ್ದ ಕಾಲು, ಉದ್ದ ಕುತ್ತಿಗೆ. ತಂಡದಲ್ಲಿ ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು. ಹೋದ ವರ್ಷದವರೆಗೆ ಮೂರನೇ ಬೇಸಿನಲ್ಲಿ ಆಡುತ್ತಿದ್ದವಳು. ಪಿಚರ್ ಜಾಗ ಖಾಲಿಯಾಗಿ, ಬೇರೆ ಯಾರೂ ಇಲ್ಲದೆ, ಅವಳನ್ನು ತಂದು ನಿಲ್ಲಿಸಿದ್ದರು.

ಆಟ ಶುರುವಾಯಿತು. ಪಕ್ಕದಿಂದ ನೋಡಿದರೆ ಚೆಂಡು ಈ ಕಡೆಯಿಂದ ಆ ಕಡೆಗೆ ಹೋದದ್ದಷ್ಟೇ ಕಾಣುತ್ತದೆ. ಇಷ್ಟು ವರ್ಷ ಎದುರಿನಿಂದಲೇ ನೋಡಿದ ಅವರಿಗೆ ಅದೊಂದು ಬೇರೆಯೇ ಆಟದಂತೆ ಕಂಡಿತು. ಪ್ರಿನ್ಸಿಪಾಲರು ಒಳ್ಳೆಯವರು. ಸುಮ್ಮನೆ ಕೂತರೆ ಏನೆಂದುಕೊಳ್ಳುತ್ತಾರೋ ಎಂದು ಮಾತಾಡಿಸುತ್ತಲೇ ಇದ್ದರು.

"ಇದು ಒಂಥರಾ ಕ್ರಿಕೆಟ್ಟೇ ಅಲ್ವಾ ಸರ್?"

"ಒಂಥರಾ ಹೌದು ಸರ್."

"ಮತ್ತೆ ವಿಕೆಟ್ ಎಲ್ಲಿ?"

"ಅದಿಲ್ಲ ಸರ್."

ಪ್ರಿನ್ಸಿಪಾಲರು ಬಹಳ ಯೋಚಿಸಿ, "ಹಾಗಾದ್ರೆ ಔಟ್ ಮಾಡೋದು ಕಷ್ಟ," ಅಂದರು. ಅದನ್ನು ಕೇಳಿದರೆ ಮಗಳು ಒಂದು ವಾರ ನಗುತ್ತಿದ್ದಳು ಎಂದು ಇವರಿಗೆ ಅನ್ನಿಸಿತು. ಮನೆಗೆ ಹೋಗಿ ಹೇಳಬೇಕು ಎಂದೂ ಅನ್ನಿಸಿತು, ಅರೆಗಳಿಗೆ.

ಮೊದಲ ಪಂದ್ಯ ಸಲೀಸಾಗಿ ಗೆದ್ದರು. ಎದುರಿನವರು ಹೊಸಬರು. ಊಟದ ಹೊತ್ತಿಗೆ ಹುಡುಗಿಯರು ಬ್ರೆಡ್ಡು, ಬೇಯಿಸಿದ ಮೊಟ್ಟೆ ಹಿಡಿದು ನೆರಳಿನಲ್ಲಿ ಕೂತು ಗದ್ದಲ ಮಾಡುತ್ತಿದ್ದವರು ಇವರು ಹತ್ತಿರ ಹೋದಕೂಡಲೇ ಗಪ್ಪಾದರು. ಹಿಂದೆಲ್ಲ "ಅಂಕಲ್, ಇವತ್ತು ಎಷ್ಟು ಮಾರ್ಕು?" ಎಂದು ಮುತ್ತಿಕೊಳ್ಳುತ್ತಿದ್ದವರೇ. ಕ್ಯಾಪ್ಟನ್ ಎದ್ದು ಕುರ್ಚಿ ತಂದು ಹಾಕಿದಳು. ತಂಡದ ಕ್ಯಾಚರ್ ಅವಳೇ, ಪುಟ್ಟಿಯ ಜೊತೆ ಮೊದಲ ವರ್ಷದಿಂದ ಆಡಿದವಳು. ಅವರು ಕೂರಲಿಲ್ಲ. "ಚೆನ್ನಾಗಿ ಆಡಿದ್ರಮ್ಮ," ಎಂದು ಹೇಳಿ ವಾಪಸ್ಸು ಬಂದರು.

ಎರಡನೇ ಪಂದ್ಯದಲ್ಲಿ ಕೊಕ್ಕರೆಯ ಎಸೆತ ದಾರಿ ತಪ್ಪಿತು. ಒಂದು ಮೇಲೆ, ಒಂದು ಹೊರಗೆ, ಒಂದು ನೆಲಕ್ಕೆ. ಇಂಥ ನಾಲ್ಕು ತಪ್ಪಿದರೆ ಬ್ಯಾಟಿನವಳಿಗೆ ಮೊದಲ ಬೇಸು ಪುಕ್ಕಟೆ. ಎದುರಾಳಿಗಳು ಬ್ಯಾಟು ಬೀಸುವ ಗೋಜಿಗೇ ಹೋಗದೆ ಬಿಟ್ಟಿಯಾಗಿ ಬೇಸಿಗೆ ನಡೆದುಹೋಗುತ್ತಿದ್ದರು. ಹೇಗೋ ಕೂದಲೆಳೆಯಲ್ಲಿ ಗೆದ್ದರು. ಆದರೆ ಕೊನೆಯಲ್ಲಿ ನೆಲಕ್ಕೆ ಬಿದ್ದು ಪುಟಿದ ಒಂದು ಚೆಂಡು ಕ್ಯಾಪ್ಟನ್ನಿನ ಹೆಬ್ಬೆರಳಿಗೆ ಬಡಿದು ಬೆರಳು ಊದಿಕೊಂಡಿತು. ಕೊಕ್ಕರೆ ಅವಳ ಮುಂದೆ ನಿಂತು, "ಸಾರಿ ಕಣೇ, ಸಾರಿ," ಎನ್ನುತ್ತಲೇ ಇದ್ದಳು. "ಸುಮ್ನಿರೇ, ನನ್ನ ಬೆರಳೇನು ಉದುರಿಹೋಯ್ತಾ?" ಎಂದು ಕ್ಯಾಪ್ಟನ್ ಗದರಿದಳು.

ಅಂದು ಸಂಜೆ ಮನೆಯಲ್ಲಿ ಹೆಂಡತಿ ಏನೂ ಕೇಳಲಿಲ್ಲ. ತಟ್ಟೆಯ ಮುಂದೆ ಕೂತು ಅವರೇ, "ನಾಳೆ ಫೈನಲ್ಲು," ಅಂದರು. ಹೆಂಡತಿಯ ಕೈ ಒಂದು ಕ್ಷಣ ನಿಂತು, ಮತ್ತೆ ಬಡಿಸತೊಡಗಿತು.

ಭಾನುವಾರ ಫೈನಲ್ಲು ಮಧ್ಯಾಹ್ನಕ್ಕೆ. ಮನೆಯಲ್ಲಿ ಕೂರಲಾಗದೆ ಅವರು ಬೆಳಿಗ್ಗೆಯೇ ಮೈದಾನಕ್ಕೆ ಹೋದರು. ಶಾಮಿಯಾನದಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಕೊಕ್ಕರೆಯೊಬ್ಬಳೇ ಬಲೆಗೆ ಚೆಂಡೆಸೆದು, ತಾನೇ ನಡೆದುಹೋಗಿ ಹೆಕ್ಕಿ, ಮತ್ತೆ ಬಂದು ಎಸೆಯುತ್ತಿದ್ದಳು. ಕ್ಯಾಪ್ಟನ್ ಬೆರಳಿಗೆ ಪಟ್ಟಿ ಸುತ್ತಿಕೊಂಡು ಪಕ್ಕದಲ್ಲಿ ಕೂತಿದ್ದಳು. ಮಧ್ಯಾಹ್ನದವರೆಗೆ ಒಂದು ಚೆಂಡನ್ನೂ ಮುಟ್ಟಕೂಡದು ಎಂದು ಮೇಡಮ್ ಕಟ್ಟಪ್ಪಣೆ ಮಾಡಿದ್ದರಂತೆ.

"ಅಂಕಲ್," ಎಂದಳು ಕೊಕ್ಕರೆ, "ಒಂದು ನಾಲ್ಕು ಬಾಲ್ ಹಿಡೀತೀರಾ?"

"ಏ, ಏನೇ ಅದು! ಅವ್ರನ್ನ ಕೇಳೋದಾ?" ಎಂದು ಕ್ಯಾಪ್ಟನ್ ಎದ್ದೇಬಿಟ್ಟಳು.

ಅವರು ಗ್ಲೌಸಿಗೆ ಕೈ ಚಾಚಿದರು. ಇಸ್ತ್ರಿಯ ಪ್ಯಾಂಟನ್ನು ತೊಡೆಯ ಮೇಲೆ ಒಂದಿಷ್ಟು ಎಳೆದುಕೊಂಡು ಕುಕ್ಕರಗಾಲಿನಲ್ಲಿ ಕೂತರು. ಮಂಡಿಗಳು ಲಟಲಟ ಅಂದವು. ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಕೊಕ್ಕರೆಯ ತೋಳು ಒಂದು ಸುತ್ತು ತಿರುಗಿತು, ಚೆಂಡು ಬಂದು ಗ್ಲೌಸಿಗೆ ಬಡಿಯಿತು.

ಆ ಸದ್ದನ್ನು ಅವರು ಒಂದು ವರ್ಷದಿಂದ ಕೇಳಿರಲಿಲ್ಲ. ಬೇರೆ ಯಾರ ಕೈಯಿಂದ ಹೊರಟರೂ ಸದ್ದು ಅದೇ. ಅದು ಅವರಿಗೆ ಅನ್ಯಾಯವೆನ್ನಿಸಿತು. ಆದರೂ ಚೆಂಡನ್ನು ವಾಪಸ್ಸು ಎಸೆದರು. ಮತ್ತೆ ಬಂತು, ಮತ್ತೆ ಎಸೆದರು. ಬರಬರುತ್ತಾ ಮೈ ತನ್ನಷ್ಟಕ್ಕೆ ಕೆಲಸ ಮಾಡತೊಡಗಿತು, ತಲೆ ಹಗುರಾಯಿತು. ಚೆಂಡೊಂದು ಮೇಲೆ ಹಾರಿದಾಗ ಅವರ ಬಾಯಿಂದ ಮಾತು ಬಂದೇಬಿಟ್ಟಿತು:

"ಸೊಂಟ ಬೇಗ ತಿರುಗ್ತು ಪುಟ್ಟಿ."

ಕೊಕ್ಕರೆ ನಿಂತಲ್ಲೇ ನಿಂತಳು. ಕ್ಯಾಪ್ಟನ್ ನೆಲ ನೋಡಿದಳು. ಏನು ಹೇಳಿದೆ ಎಂಬುದು ಅವರಿಗೆ ಆಮೇಲೆ ಕೇಳಿಸಿತು. ಹುಡುಗಿ ಮಾತ್ರ ಅದನ್ನು ತಿದ್ದಲಿಲ್ಲ. "ಸರಿ ಅಂಕಲ್, ತಡವಾಗಿ ತಿರುಗಿಸ್ತೀನಿ," ಎಂದು ಇನ್ನೊಂದು ಎಸೆದಳು. ಅದು ನೇರವಾಗಿ ಬಂತು.

ಕೊನೆಗೆ ಅವಳು ಹತ್ತಿರ ಬಂದು, ಚೆಂಡನ್ನು ಕೈಯಲ್ಲಿ ಹೊರಳಿಸುತ್ತಾ ಕೇಳಿದಳು. "ಅಂಕಲ್, ಆ ಜಾರುಬಂಡೆ... ಅದು ಹೇಗೆ? ನಾನು ಅವಳನ್ನ ಒಂದ್ಸಲ ಕೇಳಿದ್ದೆ. ಹೇಳ್ಕೊಡಲ್ಲ ಹೋಗೇ, ಅದು ನಂದೂ ನಮ್ಮಪ್ಪಂದೂ ಅಂದ್ಬಿಟ್ಲು. ಇವತ್ತು ಫೈನಲ್ಲಿಗೆ ಬಂದಿರೋ ಆ ಹಸಿರು ಅಂಗಿಯವ್ರಲ್ಲಿ ಒಬ್ಬಳಿದಾಳೆ, ನೇರವಾಗಿ ಬಂದ್ರೆ ಎಂಥದನ್ನೂ ಬಿಡಲ್ಲ. ಅದೊಂದು ಇದ್ದಿದ್ರೆ..."

ನಂದೂ ನಮ್ಮಪ್ಪಂದೂ. ಮಗಳು ಹೀಗಂದಿದ್ದಳು ಎಂಬುದು ಅವರಿಗೆ ಹೊಸದು. ಅವಳ ಬಗ್ಗೆ ಇನ್ನು ಮುಂದೆ ಹೊಸದೇನೂ ಕೇಳುವುದಿಲ್ಲ ಎಂದುಕೊಂಡಿದ್ದವರಿಗೆ, ಆ ಮೈದಾನದ ಬಿಸಿಲಿನಲ್ಲಿ, ಅವಳ ಬಾಯಿಂದಲೇ ಕೇಳಿದ ಹಾಗಾಯಿತು. ಅವಳದೆಂದು ಉಳಿದದ್ದು ಆ ಎಸೆತವೊಂದೇ. ಅದನ್ನೂ ಈ ಹುಡುಗಿಯ ಕೈಗೆ ಹಾಕಲು ಅವರಿಗೆ ಮನಸ್ಸು ಬರಲಿಲ್ಲ.

"ನಂಗೂ ಗೊತ್ತಿಲ್ಲಮ್ಮ," ಅಂದರು. ಗ್ಲೌಸ್ ಬಿಚ್ಚಿ ಕೊಟ್ಟು ಶಾಮಿಯಾನದ ಕಡೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ಮೈದಾನದ ಸುತ್ತ ಜನ ಸೇರಿದರು. ಕೊಕ್ಕರೆ ಹಿಂದಿನ ದಿನದವಳಲ್ಲ ಎನ್ನುವ ಹಾಗೆ ಎಸೆದಳು. ಬೆಳಗಿನ ಅಭ್ಯಾಸ ಅವಳ ಸೊಂಟದಲ್ಲಿ ಕೂತಿತ್ತು. ಕ್ಯಾಪ್ಟನ್ ಪ್ರತಿ ಚೆಂಡನ್ನೂ ಹಲ್ಲು ಕಚ್ಚಿಕೊಂಡು ಹಿಡಿದಳು. ಕೊನೆಯ ಇನಿಂಗ್ಸಿಗೆ ಬಂದಾಗ ನಮ್ಮವರು ಒಂದು ರನ್ನಿನಿಂದ ಮುಂದಿದ್ದರು. ಹಸಿರು ಅಂಗಿಯವರ ಇಬ್ಬರು ಔಟಾದರು, ಇನ್ನೊಬ್ಬಳು ಔಟಾದರೆ ಕಪ್ಪು ನಮ್ಮವರದು. ಆದರೆ ಇಬ್ಬರು ಬೇಸುಗಳ ಮೇಲೆ ನಿಂತಿದ್ದರು. ಆಗ ಬ್ಯಾಟು ಹಿಡಿದು ಬಂದವಳು ಆ ಹುಡುಗಿ.

ಗೋಡೆ ಅಂಕಲ್ ಕುರ್ಚಿಯ ಅಂಚಿಗೆ ಬಂದಿದ್ದರು. ಅವರಿಗೆ ಅಷ್ಟು ದೂರದಿಂದಲೂ ಗೊತ್ತಿತ್ತು, ಈಗ ಬೇಕಾದದ್ದು ಯಾವ ಎಸೆತ ಎಂದು. ಪುಟ್ಟಿಯಾಗಿದ್ದರೆ ಒಮ್ಮೆ ಬಲೆಯ ಕಡೆ ನೋಡಿ, ಮೂಗು ಒರೆಸಿಕೊಂಡು, ಅದನ್ನೇ ಎಸೆಯುತ್ತಿದ್ದಳು. ಕೊಕ್ಕರೆ ತನಗೆ ಗೊತ್ತಿದ್ದದ್ದನ್ನು ಎಸೆದಳು. ಚೆಂಡು ನೇರವಾಗಿ, ಚೆನ್ನಾಗಿಯೇ ಹೋಯಿತು. ಬ್ಯಾಟಿನ ಸದ್ದು ಕೇಳಿದೊಡನೆ ಯಾರೂ ನೋಡಬೇಕಾಗಿರಲಿಲ್ಲ. ಬೇಸಿನ ಮೇಲಿದ್ದ ಇಬ್ಬರೂ ಓಡಿ ಮುಗಿಸಿದರು. ನಮ್ಮವರಿಗೆ ತಮ್ಮ ಸರದಿಯಲ್ಲಿ ಏನೂ ಮಾಡಲಾಗಲಿಲ್ಲ. ಪಂದ್ಯ ಮುಗಿಯಿತು.

ಕೊಕ್ಕರೆ ಎಸೆಯುವ ಜಾಗಕ್ಕೆ ಹೋಗಿ ಕೂತುಬಿಟ್ಟಿದ್ದಳು. ಮೇಡಮ್ ಹೋಗಿ ಎಬ್ಬಿಸಿದರೂ ಏಳಲಿಲ್ಲ.

ಮೈಕಿನಲ್ಲಿ ಕರೆದಾಗ ಇವರು ಎದ್ದು ಕಪ್ಪು ಕೈಗೆತ್ತಿಕೊಂಡರು. ಅದರ ಮೇಲೆ ಮಗಳ ಹೆಸರು ಕೊರೆದಿತ್ತು. ಹಸಿರು ಅಂಗಿಯ ನಾಯಕಿ ಎರಡೂ ಕೈ ಚಾಚಿದಳು. ಅವಳಿಗೂ ಅಷ್ಟೇ ವಯಸ್ಸು, ಮುಖದ ತುಂಬ ಧೂಳು, ಬೆವರು. ಕಪ್ಪು ಕೊಡುವಾಗ ಅವರ ಕಣ್ಣು ಅವಳ ಮಂಡಿಯ ಮೇಲೆ ಬಿತ್ತು. ಪ್ಯಾಂಟು ಹರಿದು, ತರಚಿ, ಮಣ್ಣು ಮೆತ್ತಿತ್ತು.

"ಇದನ್ನ ತೊಳ್ಕೊಮ್ಮ," ಅಂದರು.

"ಆ... ಹೂಂ ಅಂಕಲ್," ಎಂದು ನಕ್ಕು ಅವಳು ಗೆಳತಿಯರ ಕಡೆ ತಿರುಗಿದಳು.

"ಈಗಲೇ ತೊಳ್ಕೊ. ಡಾಕ್ಟರಿಗೆ ತೋರ್ಸು. ಇವತ್ತೇ ತೋರ್ಸು." ಅವರ ದನಿ ಏರಿತ್ತು. ಮೈಕು ಹತ್ತಿರದಲ್ಲೇ ಇದ್ದದ್ದರಿಂದ ಮೈದಾನಕ್ಕೆಲ್ಲ ಕೇಳಿಸಿತು. ಚಪ್ಪಾಳೆ ಅರ್ಧಕ್ಕೆ ನಿಂತಿತು. ಮೇಡಮ್ ಓಡಿಬಂದು ಆ ಹುಡುಗಿಯನ್ನು ಔಷಧದ ಪೆಟ್ಟಿಗೆಯ ಕಡೆಗೆ ಕರೆದುಕೊಂಡು ಹೋದರು. ಪ್ರಿನ್ಸಿಪಾಲರು ಇವರ ತೋಳು ಹಿಡಿದು ಮೆಲ್ಲನೆ ಕೂರಿಸಲು ನೋಡಿದರು. ಆಗ ಅವರಿಗೆ ಗೇಟಿನ ಬಳಿ ಹೆಂಡತಿ ಕಂಡರು. ಕೈಚೀಲವನ್ನು ಎದೆಗವಚಿಕೊಂಡು ಒಬ್ಬರೇ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ.

ಇಬ್ಬರೂ ಮನೆಯ ಕಡೆ ನಡೆದರು. ಗ್ರಂಥಾಲಯದ ಮುಂದೆ ಬಂದಾಗ ಹೆಂಡತಿ, "ಸ್ವಲ್ಪ ಕೂತ್ಕೊಳ್ಳೋಣ," ಎಂದು ಮೆಟ್ಟಿಲ ಮೇಲೆ ಕೂತರು. ಭಾನುವಾರವಾದ್ದರಿಂದ ಬಾಗಿಲು ಹಾಕಿತ್ತು. ಬೀದಿಯಲ್ಲಿ ಸಂಜೆಯ ಓಡಾಟ.

"ಒಂದು ಮಾತು ಕೇಳ್ತೀನಿ," ಅಂದರು ಹೆಂಡತಿ.

ಅವರು ಸಿದ್ಧರಾದರು. ವರ್ಷದಿಂದ ಕಾದಿದ್ದ ಮಾತು ಈಗ ಬರುತ್ತದೆ, ಬರಲಿ ಎಂದುಕೊಂಡರು.

"ನೀವು ನನ್ನನ್ನ ಯಾಕೆ ಬೈಲಿಲ್ಲ?"

"ನಿನ್ನನ್ನಾ?"

"ಅವಳು ನನಗೆ ಮಂಡಿ ತೋರ್ಸಿದ್ಲು ರೀ. ಮುಟ್ಟಿದ್ರೆ ಬಿಸಿ ಇತ್ತು. ಸುತ್ತ ಕೆಂಪಗಾಗಿತ್ತು. ಡಾಕ್ಟರ ಹತ್ರ ಹೋಗೋಣ್ವಾ ಅಂದೆ. ನಾಳೆ ಪರೀಕ್ಷೆ ಇದೆ, ಆಮೇಲೆ ಹೋಗೋಣಮ್ಮ ಅಂದ್ಲು. ನಾನೂ ಆಯ್ತು ಅಂದೆ. ಮುಲಾಮು ಹಚ್ಚಿ ಮಲಗಿಸ್ದೆ." ಆಕೆಯ ದನಿ ಗ್ರಂಥಾಲಯದ ದನಿ. "ನೀವು ಆ ಮಾತೇ ಎತ್ತಲಿಲ್ಲ. ಗೊತ್ತಿದ್ದೂ ಸುಮ್ಮನಿದೀರಿ, ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ಕೊಂಡೆ."

ಅವರು ಹೇಳಿದರು, "ನಂಗೂ ತೋರ್ಸಿದ್ಲು. ಓಣೀಲಿ. ಒಣಗುವಾಗ ಉರಿಯುತ್ತೆ ಅಂದೆ."

ಹೆಂಡತಿ ತಿರುಗಿ ನೋಡಿದರು. ಹೊರೆ ಇಳಿಯಬೇಕಾಗಿತ್ತು, ಇಳಿಯಲಿಲ್ಲ.

"ಇಬ್ರಿಗೂ ತೋರ್ಸಿದ್ಲಲ್ಲ ರೀ," ಅಂದರು.

ಅದಾದಮೇಲೆ ಇಬ್ಬರೂ ಅಳುವುದನ್ನು ತಡೆಯಲು ಹೋಗಲಿಲ್ಲ. ದಾರಿಹೋಕರು ಒಂದಿಬ್ಬರು ನಿಂತು ನೋಡಿ ಮುಂದೆ ಹೋದರು. ಒಂದು ವರ್ಷದಲ್ಲಿ ಮೊದಲ ಸಲ ಒಟ್ಟಿಗೆ ಅತ್ತರು. ಮನೆಯ ತನಕ ನಡೆಯುವಾಗ ಹೆಂಡತಿ ಅವರ ತೋಳು ಹಿಡಿದಿದ್ದರು. ಅಲ್ಲೇ, ನಡೆಯುತ್ತಲೇ, ಅವರು ಬೆಳಿಗ್ಗೆ ಕೊಕ್ಕರೆಗೆ ಹೇಳಿದ ಸುಳ್ಳನ್ನೂ ಒಪ್ಪಿಕೊಂಡುಬಿಟ್ಟರು.

"ಇಟ್ಕೊಂಡು ಏನ್ಮಾಡ್ತೀರಿ?" ಅಂದರು ಹೆಂಡತಿ. "ಆ ಹುಡುಗಿ ಹಾಗೆ ಮಣ್ಣಲ್ಲಿ ಕೂತಿದ್ದು ನೋಡೋಕಾಗ್ಲಿಲ್ಲ. ಹೋಗಿ ಹೇಳ್ಕೊಡಿ."

ಕೆಲವು ದಿನ ಬಿಟ್ಟು ಅವರು ಅಂಗಡಿಯನ್ನು ಬೇಗ ಮುಚ್ಚಿ ಮೈದಾನಕ್ಕೆ ಹೋದರು. ಕೊಕ್ಕರೆ ಕುಣಿದಾಡಿದಳು. ಚೆಂಡನ್ನು ಅವರ ಕೈಗೆ ಕೊಟ್ಟು, "ಹಿಡಿಯೋದು ಹೇಗೆ ತೋರ್ಸಿ ಅಂಕಲ್," ಅಂದಳು.

ಅವರು ಚೆಂಡಿನ ಸುತ್ತ ಬೆರಳು ಸುತ್ತಿದರು. ಹೊಲಿಗೆಯ ಮೇಲೆ ಎರಡು ಬೆರಳೋ, ಮೂರೋ? ಹೆಬ್ಬೆರಳು ಕೆಳಗೋ, ಪಕ್ಕಕ್ಕೋ? ಬಿಡುವಾಗ ಮಣಿಕಟ್ಟು ಯಾವ ಕಡೆ? ಅವರಿಗೆ ಅದರ ಬರವು ಗೊತ್ತಿತ್ತು. ಎಲ್ಲಿಯವರೆಗೆ ನೇರವಾಗಿ ಬರುತ್ತದೆ, ಎಲ್ಲಿ ತಲೆ ತಗ್ಗಿಸುತ್ತದೆ, ಗ್ಲೌಸನ್ನು ಎಷ್ಟು ಕೆಳಗಿಡಬೇಕು, ಹಿಡಿದಾಗ ಅಂಗೈಗೆ ಹೇಗೆ ತಾಗುತ್ತದೆ, ಎಲ್ಲ. ಅದು ಹೊರಡುವುದು ಮಾತ್ರ ಅವರ ಎದುರು ತುದಿಯಲ್ಲಿ, ಅವಳ ಸೊಂಟದ ಮರೆಯಲ್ಲಿ, ಕಣ್ಣಿಗೆ ಕಾಣದಷ್ಟು ಬೇಗ ನಡೆದುಹೋಗುತ್ತಿತ್ತು.

ಆದರೂ ಬಿಡಲಿಲ್ಲ. ಹಲವು ಸಂಜೆ ಹಿಡಿದರು, ಎಸೆಸಿದರು, ಹೀಗಲ್ಲ ಹಾಗೆ ಅಂದರು. ಒಂದು ಸಲ ಒಂದು ಚೆಂಡು ನಿಜವಾಗಿಯೂ ಜಾರಿತು. ಇಬ್ಬರೂ ಕೂಗಿಕೊಂಡರು. ಹೇಗೆ ಎಸೆದೆ ಎಂದು ಕೇಳಿದರೆ ಕೊಕ್ಕರೆಗೂ ಗೊತ್ತಿಲ್ಲ. ಅದು ಮತ್ತೆ ಬರಲಿಲ್ಲ. ಮುಂದಿನ ವರ್ಷ ಒಳ್ಳೆಯ ಪಿಚರ್ ಒಬ್ಬಳು ಕಾಲೇಜಿಗೆ ಸೇರಿದಳು. ಕೊಕ್ಕರೆ ಮೂರನೇ ಬೇಸಿಗೆ ವಾಪಸ್ಸು ಹೋಗಿ ನೆಮ್ಮದಿಯಾಗಿ ಆಡಿದಳು. ಕನ್ನಡಕ ಸರಿಮಾಡಿಸಲು ತನ್ನ ಮನೆಯವರನ್ನೆಲ್ಲ ಅವರ ಅಂಗಡಿಗೇ ಕಳಿಸುತ್ತಿದ್ದಳು.

ಕೊನೆಯ ಪ್ರಯತ್ನ ಮಾಡಿ ಸೋತು ಬಂದ ಸಂಜೆ ಅವರು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಹೆಂಡತಿ ಅಡುಗೆಮನೆಯಿಂದಲೇ ಕೇಳಿದರು:

"ಬಂತಾ?"

"ಇಲ್ಲ."

"ನಿಮಗೆ ಅವಳು ಹೇಳ್ಕೊಟ್ಟಿರ್ಲಿಲ್ವಾ?"

"ನಾನು ಕೇಳಲೇ ಇಲ್ಲ," ಅಂದರು. "ದಿನಾ ಎದುರಿಗೇ ಇದ್ಲಲ್ಲ."

ಹೆಂಡತಿ ಒಲೆ ಆರಿಸಿ, ಕೈ ಒರೆಸಿಕೊಂಡು ಹೊರಗೆ ಬಂದು, ಅವರ ಪಕ್ಕದಲ್ಲಿ ನಿಂತರು.